ಕೋಟೆಯಿಂದ ಇಳಿದು ಬಂದ ಅರಳಿ

ಕಬಿನಿ ಹೊಳೆಯ ಮೇಲಿನ ಮಂಜು ದಡ ಹತ್ತಿ ಗದ್ದೆ ಬಯಲಿಗೆ ಹರಡುತ್ತಿರುವ ಹೊತ್ತು. ಬುರುಜಿನಹುಂಡಿ ಕೋಟೆಯ ಗೋಡೆಯ ನಟ್ಟನಡುವೆ ಒಬ್ಬ ಹೆಂಗಸು ಹಗ್ಗಕ್ಕೆ ತೂಗಿಬಿದ್ದಿದ್ದಾರೆ. ಸೀರೆಯ ಮೇಲೊಂದು ಖಾಕಿ ಅಂಗಿ, ಹೆಗಲಲ್ಲಿ ಗೋಣಿಚೀಲ, ಕೈಯಲ್ಲಿ ಮೊಳದುದ್ದದ ಕಬ್ಬಿಣದ ಸಲಾಕೆ. ಬರಿಗಾಲ ಹೆಬ್ಬೆರಳನ್ನು ಕಲ್ಲಿನ ಸಂದಿಗೆ ಊರಿ, ಸಲಾಕೆಯಿಂದ ಗಾರೆಯನ್ನು ಮೆಲ್ಲಗೆ ಕೆದಕಿ, ಎರಡೆಲೆಯ ಗಿಡವೊಂದನ್ನು ಬೇರು ಸಮೇತ ಎಳೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆಮೇಲೆ ಸಂದಿಯೊಳಕ್ಕೆ ಬೆರಳು ತೂರಿಸಿ ತಡಕುತ್ತಾರೆ. ಬೇರಿನ ತುದಿ ಒಳಗೇ ಉಳಿದುಕೊಂಡಿತೇನೋ ಎಂಬ ಅನುಮಾನ. ಇಲ್ಲವೆಂದು ಗೊತ್ತಾದ ಮೇಲೂ ಇನ್ನೊಂದು ಸಲ ತಡಕುತ್ತಾರೆ.

"ಏನಮ್ಮೀ, ಅಲ್ಲೇ ಸಂಸಾರ ಊಡ್ಬುಟ್ಟಾ?" ಗೋಡೆಯ ಮೇಲಿನಿಂದ ಗಂಡಸಿನ ದನಿ.

"ಅಗ್ಗ ಇಡ್ಕಳದೊಂದ್ ಕೆಲ್ಸ, ಅದ್ಕೂ ನಿಂಗೆ ಅವಸ್ರ."

"ಅಗ್ಗ ಬುಟ್ಟು ಒಂದ್ ಬೀಡಿ ಅಚ್ಕಳವಾ ಅಂತಿದ್ದೆ."

"ಬುಡು ಬುಡು. ಬಿದ್ದು ಸತ್ರೆ ದಯ್ಯ ಆಗಿ ಬಂದು ಮೊದ್ಲು ನಿನ್ ಬೀಡಿ ಕಟ್ಟೇ ಎತ್ಕೊಂಡೋಯ್ತೀನಿ."

ಹಗ್ಗದಲ್ಲಿರುವವರು ಮರಿತಾಯಮ್ಮ. ಮೇಲೆ ಕೂತು, ಹಗ್ಗವನ್ನು ಕಲ್ಲುಕಂಬಕ್ಕೆ ಸುತ್ತಿ ಹಿಡಿದಿರುವವರು ಅವರ ಗಂಡ ಮಂಟೇಸ್ವಾಮಿ. ಇಬ್ಬರೂ ಕೋಟೆಯ ತೋಟಕ್ಕೆ ಹೊರಗುತ್ತಿಗೆಯ ಮೇಲೆ ಬಂದವರು. ಹಗಲು ಗಿಡಕ್ಕೆ ನೀರು, ಹುಲ್ಲುಹಾಸಿಗೆ ಕತ್ತರಿ, ಕಾಲುದಾರಿಗೆ ಪೊರಕೆ. ಗೋಡೆಗೆ ಇಳಿಯುವ ಕೆಲಸ ಬಿಸಿಲೇರುವ ಮೊದಲೇ ಮುಗಿಯಬೇಕು. ಕಾದ ಕಲ್ಲಿನ ಮೇಲೆ ಬರಿಗಾಲು ನಿಲ್ಲುವುದಿಲ್ಲ.

ಅವರು ಕೀಳುವುದು ಅರಳಿ, ಆಲ, ಅತ್ತಿಯ ಎಳೆ ಗಿಡಗಳನ್ನು. ಹಕ್ಕಿಗಳು ಹಣ್ಣು ತಿಂದು ಗೋಡೆಯ ಮೇಲೆ ಕೂರುತ್ತವೆ, ಹಿಕ್ಕೆಯೊಂದಿಗೆ ಬೀಜ ಬೀಳುತ್ತದೆ. ಒಂದು ಮಳೆ ಸಾಕು, ಹಳೆಯ ಗಾರೆಯಲ್ಲಿ ಮೊಳಕೆ ಕಣ್ಣುಬಿಡುತ್ತದೆ. ಆಗಲೇ ಕಿತ್ತರೆ ಚಿವುಟಿದಷ್ಟೇ ಸಲೀಸು. ಎರಡು ಮಳೆಗಾಲ ಬಿಟ್ಟರೆ ಬೇರು ಕಲ್ಲಿನ ಹಿಂದೆ ನುಗ್ಗಿ, ದಪ್ಪಗಾಗಿ, ಆನೆ ಎಳೆದು ತಂದು ಕೂರಿಸಿದ ಕಲ್ಲನ್ನೂ ಜಾಗ ಬಿಡಿಸುತ್ತದೆ.

ಕಿತ್ತ ಗಿಡಗಳನ್ನು ಮರಿತಾಯಮ್ಮ ಎಸೆಯುವುದಿಲ್ಲ. ಹಾಲಿನ ಖಾಲಿ ಪ್ಯಾಕೆಟ್ಟಿಗೆ ಮಣ್ಣು ತುಂಬಿ ನೆಟ್ಟು, ಕಾವಲು ಕೋಣೆಯ ನೆರಳಿನಲ್ಲಿ ಸಾಲಾಗಿ ಇಟ್ಟಿದ್ದಾರೆ. ಪ್ರವಾಸ ಬಂದ ಶಾಲೆಯವರು ಕೇಳಿದರೆ ಕೊಡುತ್ತಾರೆ, ಕೇಳದಿದ್ದರೂ ಕೊಡುತ್ತಾರೆ. ಅವರ ಮನೆಯ ನಡುಗೋಡೆಯಲ್ಲಿ ಅರಳಿ ಮರದಡಿ ಕೂತ ಬುದ್ಧನ ಪಟವಿದೆ. ಊರಿನ ಮೇಲಿನ ಬೀದಿಯ ಶಿವಭಕ್ತ ಒಕ್ಕಲಿನವರಿಗೆ ಅದೇ ಅರಳಿ ಅಶ್ವತ್ಥ, ಸುತ್ತು ಹಾಕಿ ಕೈಮುಗಿಯುವ ಮರ. "ಅರಳಿ ನಮ್ಗೂ ಬೇಕಾದ್ದೇ, ಅವ್ರ್ಗೂ ಬೇಕಾದ್ದೇ. ಗ್ವಾಡೆಗೆ ಮಾತ್ರ ಬ್ಯಾಡ" ಎಂದು ಮರಿತಾಯಮ್ಮ ಚೀಲದ ಬಾಯಿ ಕಟ್ಟುತ್ತಾರೆ.

ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಹೊಳೆಯ ದಿಕ್ಕಿಗೆ ಕೂತವರಿಗೆ ಈ ಕೋಟೆ ತೆಂಗಿನ ತೋಟಗಳ ನಡುವೆ ಒಮ್ಮೆ ಕಂಡು ಮರೆಯಾಗುತ್ತದೆ. ದೊಡ್ಡದೇನಲ್ಲ. ನಾಲ್ಕು ಕೊತ್ತಲ, ಒಂದು ಹೆಬ್ಬಾಗಿಲು, ಹೊಳೆಗೆ ಇಳಿಯಲು ಒಂದು ದಿಡ್ಡಿ ಬಾಗಿಲು. ಪಾಳೇಗಾರರ ಕಾಲದ್ದು ಎಂಬಲ್ಲಿಯವರೆಗೆ ಎಲ್ಲರ ಮಾತೂ ಒಂದೇ. ಯಾವ ಪಾಳೇಗಾರ, ಯಾವ ಕಾಲ ಎಂಬಲ್ಲಿಂದ ಊರು ಎರಡಾಗುತ್ತದೆ. ಬಾಗಿಲಿನ ಪಕ್ಕದ ಬರಹವನ್ನು ಯಾರೋ ಯಾವಾಗಲೋ ಕತ್ತಿ ಮಸೆದು ಅಳಿಸಿಬಿಟ್ಟಿರುವುದರಿಂದ ಈ ಜಗಳ ಮುಗಿಯುವಂತೆಯೂ ಇಲ್ಲ.

ಹೆಬ್ಬಾಗಿಲಿನ ತಂಪು ದಾಟಿ ಒಳಗೆ ಬಂದರೆ ತೋಟ. ಹೊಳೆಯ ನೀರನ್ನು ಏತದಿಂದ ಎತ್ತಿ ಹರಿಸುತ್ತಿದ್ದರಂತೆ, ಅದರ ಕಲ್ಲು ಕಾಲುವೆ ಈಗಲೂ ಇದೆ. ಅದರ ಎರಡೂ ಕಡೆ ಸಂಪಿಗೆ, ಪಾರಿಜಾತ, ಕಣಗಿಲೆ. ಒಂದು ಮೂಲೆಯಲ್ಲಿ ರಸಬಾಳೆಯ ಹಿಂಡಲು. ರೋಗ ಬಿದ್ದು ಎರಡು ಸಲ ಹೋಗಿ ಮೂರನೆಯ ಸಲ ನೆಟ್ಟದ್ದು. ನಡುವೆ ಸೊಂಟದೆತ್ತರದ ಅಡಿಪಾಯ, ಅದರ ಮೇಲೆ ಹುಲ್ಲು. ಭಾನುವಾರ ಬಂದವರು ಹೆಬ್ಬಾಗಿಲ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಮದುವೆ ನಿಶ್ಚಯವಾದ ಜೋಡಿಗಳು ಬಾಡಿಗೆ ಉಡುಪು ತೊಟ್ಟು ಸಂಪಿಗೆ ಮರಕ್ಕೆ ಒರಗುತ್ತಾರೆ. ಎಲ್ಲ ನೋಡಿ ಮುಗಿಸಿ "ಅರಮನೆ ಎಲ್ಲಮ್ಮಾ?" ಎಂದು ಕೇಳುವವರು ದಿನಕ್ಕೊಬ್ಬರಾದರೂ ಉಂಟು.

"ಅದ್ರ್ ಮ್ಯಾಲೇ ಚಾಪೆ ಆಸ್ಕೊಂಡು ಪುಳಿಯೋಗ್ರೆ ತಿಂತಾವ್ರಲ್ಲ ಸಾ, ಅದೇ ಅರಮನೆ" ಎನ್ನುತ್ತಾರೆ ಮಂಟೇಸ್ವಾಮಿ.

ಮರಿತಾಯಮ್ಮನ ತವರು ಕವಲಂದೆ ಕಡೆ. ಮದುವೆಯಾಗಿ ಬಂದಾಗ ಕೋಟೆಯೊಳಗೆ ಜಾಲಿ ಮುಳ್ಳು ತುಂಬಿತ್ತು. ಕಂಡವರ ಗದ್ದೆಯಲ್ಲಿ ನಾಟಿ, ಕಳೆ, ಕುಯ್ಲು ಮಾಡಿಕೊಂಡಿದ್ದ ಅವರು, ಪುರಾತತ್ವ ಇಲಾಖೆಯವರು ಮುಳ್ಳು ಕಡಿಸಿ ತೋಟ ಮಾಡಲು ಹೊರಟಾಗ ಕಳೆ ಕೀಳಲು ಬಂದು ಇಲ್ಲೇ ಉಳಿದರು. ಗುತ್ತಿಗೆದಾರರು ಬದಲಾಗಿದ್ದಾರೆ, ಗುರುತಿನ ಚೀಟಿಯ ಬಣ್ಣ ಬದಲಾಗಿದೆ, ಕೆಲಸ ಅದೇ. ಮೊದಲು ಗೋಡೆಗೆ ಇಳಿಯುತ್ತಿದ್ದವರು ಮಂಟೇಸ್ವಾಮಿ. ಒಮ್ಮೆ ಕಣಜದ ಗೂಡಿಗೆ ಸಲಾಕೆ ತಾಗಿ, ಕಚ್ಚಿಸಿಕೊಂಡು ಒದ್ದಾಡುವಾಗ ಮಂಡಿ ಕಲ್ಲಿಗೆ ಬಡಿಯಿತು. ಅಂದಿನಿಂದ ಮಂಡಿ ಮಡಚುವುದಿಲ್ಲ. ಗಂಡ ಮೇಲೆ, ಹೆಂಡತಿ ಕೆಳಗೆ ಎಂದಾಯಿತು. "ನನ್ ಭಾರ ಅವ್ನು ತಡೀತಾನೆ. ಅವ್ನ್ ಭಾರ ನಾನ್ ತಡಿಯಕ್ಕಾಯ್ತದಾ?" ಎಂದು ಅವರು ಕೇಳುವುದರಲ್ಲಿ ದೂರು ಇಲ್ಲ. ಇಳಿಯುವವರಿಗೆಂದು ಇಲಾಖೆಯವರು ಒಮ್ಮೆ ಹೆಲ್ಮೆಟ್ ಕಳಿಸಿದ್ದರು. ಹಗ್ಗ ಮಾತ್ರ ನರಸೀಪುರದ ಸಂತೆಯಿಂದ ತಾವೇ ತಂದದ್ದು. "ಬಿದ್ರೆ ತಲೆ ಒಂದಾದ್ರೂ ಉಳ್ಕಳ್ಳಿ ಅಂತ" ಎಂದು ಮಂಟೇಸ್ವಾಮಿ ನಗುತ್ತಾರೆ.

ಗೋಡೆಯ ಕೆಲಸ ಊರಿನವರ ಕಣ್ಣಿಗೆ ಬೀಳುವುದು ಕಡಿಮೆ. ಊರಿಗೆ ಮರಿತಾಯಮ್ಮ ಗೊತ್ತಿರುವುದು ಅವರ ಕೈಗುಣಕ್ಕೆ. ಅವರು ಊರಿದ ಕಡ್ಡಿ ಚಿಗುರುತ್ತದೆ ಎಂಬ ಮಾತಿದೆ. ಬಾಳೆ ಹಾಕುವವರು ಮೊದಲ ಕಂದನ್ನು ಅವರ ಕೈಯಿಂದ ನೆಡಿಸುತ್ತಾರೆ. ಅವರ ಮನೆಯ ನೀರು ಕುಡಿಯಲು ಇಂದಿಗೂ ಹಿಂದೆಮುಂದೆ ನೋಡುವ ಮನೆಗಳಿಂದಲೂ ಹೊತ್ತು ಮೂಡುವ ಮೊದಲೇ ಕರೆ ಬರುತ್ತದೆ. ಈ ಕೈಗುಣವೆಂಬುದು ನಿಜವೋ, ಗಿಡದ ಬುಡವನ್ನು ಎರಡೆರಡು ಸಲ ತಟ್ಟಿ ನೋಡುವ ಅವರ ಅನುಮಾನದ ಸ್ವಭಾವದಿಂದ ಬಂದದ್ದೋ ಹೇಳುವುದು ಕಷ್ಟ. ಅವರಿಗಂತೂ ಊರಿನಲ್ಲಿ ತಲೆಯೆತ್ತಿ ನಿಲ್ಲಲು ಇದ್ದ ಹೆಸರು ಅದೊಂದೇ. ಕಳೆದ ಮಳೆಗಾಲದಲ್ಲಿ ಆ ಹೆಸರೇ ಪಣಕ್ಕೆ ಬಿತ್ತು.

ಹೆಬ್ಬಾಗಿಲಿನ ನೆತ್ತಿಯ ಮೇಲೊಂದು ಅರಳಿ ಇತ್ತು. ಅಲ್ಲಿ ಹಗ್ಗ ಕಟ್ಟಲು ಕಂಬವಿಲ್ಲ, ಹತ್ತಲು ಮೆಟ್ಟಿಲಿಲ್ಲ. ಹಾಗಾಗಿ ಯಾರ ಕೈಗೂ ಸಿಗದೆ ಬೆಳೆದು ಆಳೆತ್ತರ ಮೀರಿತ್ತು. ಮೇಲಿನ ಬೀದಿಯ ಸರ್ವಮಂಗಳಾ, ಹೊಳೆ ದಂಡೆಯಲ್ಲಿ ಬಾಳೆ ತೋಟವಿರುವ ಮನೆಯ ಹಿರಿಯ ಹೆಂಗಸು, ಸೊಸೆಗೆ ಮಗುವಾಗಲೆಂದು ಒಮ್ಮೆ ಅದಕ್ಕೆ ಹರಕೆ ಹೊತ್ತರು. ಉದ್ದನೆಯ ಬಿದಿರು ಗಳುವಿನ ತುದಿಯಿಂದ ಕೊಂಬೆಗೆ ಅರಿಶಿನ ದಾರ ಸಿಕ್ಕಿಸಿದರು. ಮಗುವಾಯಿತು. ಆಮೇಲೆ ಕೇಳಬೇಕೆ, ಕೋಟೆ ನೋಡಲು ಬಂದವರೂ ಗಳು ಕೇಳಿ ಪಡೆದು ದಾರ ಸಿಕ್ಕಿಸತೊಡಗಿದರು.

ಬೇಸಿಗೆಯ ಕೊನೆಯ ಒಂದು ಬೆಳಗ್ಗೆ ಬಾಗಿಲು ಗುಡಿಸುತ್ತಿದ್ದ ಮರಿತಾಯಮ್ಮನ ಪೊರಕೆಗೆ ಗಾರೆಯ ಹೆಂಟೆ ಸಿಕ್ಕಿತು. ತಲೆಯೆತ್ತಿದರೆ, ಕಮಾನಿನ ಕಲ್ಲೊಂದು ಬೆರಳಗಲ ಕೆಳಗೆ ಜಾರಿ ನಿಂತಿದೆ. ಅದರ ಕೆಳಗೇ ಶಾಲೆಯ ಮಕ್ಕಳು ಸಾಲಾಗಿ ಹಾದುಹೋಗುವುದು. ಅವರು ಪೊರಕೆಯನ್ನು ಬಾಗಿಲಿಗೆ ಅಡ್ಡವಿಟ್ಟು, ಅದು ಸಾಲದೆನಿಸಿ ತಾವೇ ಅಡ್ಡ ಕೂತು, ಗಂಡನಿಂದ ಇಲಾಖೆಗೆ ಫೋನ್ ಮಾಡಿಸಿದರು.

ಎಂಜಿನಿಯರ್ ಮಾದೇಶ್ ಬಂದರು. ಏಣಿ ಹಾಕಿಸಿ ಹತ್ತಿ ನೋಡಿದರು. "ಮಳೆ ಹಿಡಿಯೋದ್ರೊಳಗೆ ಇದನ್ನ ತೆಗೀಬೇಕು. ಇಲ್ಲಾಂದ್ರೆ ಕೋಟೆಗೆ ಬೀಗ ಹಾಕ್ಬೇಕಾಗುತ್ತೆ. ಮೇಲಿನದನ್ನ ಕಡಿದು, ಉಳಿದ ಬೇರಿಗೆ ಔಷಧಿ ಹಾಕಿ ಸಾಯಿಸೋದು, ಬೇರೆ ದಾರಿ ಇಲ್ಲ" ಎಂದರು.

ಊರು ಸೇರಿತು. ಸರ್ವಮಂಗಳಾ ಏಣಿಯ ಬುಡದಲ್ಲಿ ನಿಂತರು. "ಮೊಮ್ಮಗಳ್ನ ಕೊಟ್ಟ ಮರ ಸ್ವಾಮಿ ಇದು. ಕೊಡ್ಲಿ ಇಕ್ಕದಾದ್ರೆ ನಾನು ಇಲ್ಲೇ ಅಡ್ಡ ಮಲೀಕತೀನಿ, ಮೊದ್ಲು ನನ್ ಮ್ಯಾಲೆ ಇಕ್ಕಿ."

ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು, "ಕಡಿಯದ್ ಬ್ಯಾಡ ಸಾ. ಬೇರ್ ಸಮೇತ ಇಳಿಸ್ಬೋದು."

ಎಲ್ಲರೂ ತಿರುಗಿ ನೋಡಿದರು. ಹೇಳಿದವರು ಮರಿತಾಯಮ್ಮ. ಆ ಗಳಿಗೆಯನ್ನು ಅವರು ಈಗಲೂ ನೆನೆಯುತ್ತಾರೆ. "ಯಾಕಾದ್ರೂ ಬಾಯ್ ಬುಟ್ನೋ ಅನ್ನುಸ್ತು. ಗಿಡ ಕಿತ್ತಿವ್ನಿ, ಮರ ಯಾವಾಗ್ ಕಿತ್ತಿದ್ದೆ? ಒಣ್ಗಿದ್ರೆ ನನ್ ತಲೆ ಮ್ಯಾಲೇ ತಾನೆ ಬರದು?"

ಮಾದೇಶ್ ಯೋಚಿಸಿ ಒಪ್ಪಿದರು. ಒಂದು ಷರತ್ತು ಹಾಕಿದರು. ಇಳಿಸುವ ಮೊದಲು ಅರ್ಧ ಕೊಂಬೆಗಳನ್ನು ಸವರಿ ಎಲೆ ತೆಗೆಯಬೇಕು. "ಎಷ್ಟೇ ನಾಜೂಕು ಮಾಡಿದ್ರೂ ಬೇರು ಕಮ್ಮಿ ಆಗ್ತವೆ. ಬೇರು ಕಮ್ಮಿ ಆದಷ್ಟು ಮೇಲೂ ಕಮ್ಮಿ ಆಗ್ಬೇಕು. ಅಷ್ಟೆಲ್ಲ ಎಲೆಗೆ ನೀರು ಎಲ್ಲಿಂದ ತರುತ್ತೆ ಅದು?"

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈ ಕಡೆ ಅರಳಿಗೆ ಕಬ್ಬಿಣ ತಾಗಿಸುವುದಿಲ್ಲ. ಒಣಗಿ ಬಿದ್ದ ಕೊಂಬೆ ಆಯ್ದುಕೊಂಡಾರು, ಹಸಿ ಕೊಂಬೆಗೆ ಕುಡುಗೋಲು ಹಾಕುವವರಿಲ್ಲ. ಮೇಲಿನ ಬೀದಿ, ಕೆಳಗಿನ ಬೀದಿ ಎಂಬ ಭೇದ ಇದರಲ್ಲಿ ಇಲ್ಲ. ಕುಡುಗೋಲು ಮಂಟೇಸ್ವಾಮಿಯ ಸೊಂಟದಲ್ಲೇ ಇತ್ತು. ಅವರು ಅದನ್ನು ತೆಗೆದು ಪಕ್ಕದವನಿಗೆ ಕೊಟ್ಟರು, ಅವನು ಅವನ ಪಕ್ಕದವನಿಗೆ. ಕೊನೆಗೆ ಅದು ಸುತ್ತು ಹಾಕಿ ಅವರ ಕೈಗೇ ಬಂತು. ಮರಿತಾಯಮ್ಮನೂ ನೆಲ ನೋಡಿದರು. ಮಾದೇಶ್ ತಲೆ ಕೊಡವಿ, "ಹಾಗಾದ್ರೆ ನಿಮ್ಮಿಷ್ಟ" ಎಂದು ಹೊರಟರು. ಮರ ತನ್ನ ಅಷ್ಟೂ ಎಲೆಯೊಂದಿಗೆ ಇಳಿಯುವುದೆಂದು ತೀರ್ಮಾನವಾಯಿತು.

ದಿನವೂ ಬೆಳಗಿನ ಜಾವ ಮರಿತಾಯಮ್ಮ ಏಣಿ ಹತ್ತಿ ಗಾರೆ ಕೆದಕಿದರು. ಸಂದಿಯೊಳಗಿನ ಬೇರುಗಳು ಕಲ್ಲುಗಳ ನಡುವೆ ಸಿಕ್ಕಿ ದೋಸೆಯಂತೆ ಚಪ್ಪಟೆಯಾಗಿದ್ದವು. ಬಿಡಿಸಿದಷ್ಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಹಗಲೆಲ್ಲ ನೀರು ಚಿಮುಕಿಸಿದರು. ಒಳಕ್ಕೆ ತೀರ ಆಳ ಹೋದವನ್ನು ಮಾತ್ರ ಎಳೆದು ತುಂಡಾಗಲು ಬಿಟ್ಟರು. ಕೊನೆಯ ದಿನ ಹಗ್ಗ ಬಿಗಿದು ಇಳಿಸುವಾಗ ಕೆಳಗೆ ಎರಡೂ ಬೀದಿಯವರು ಕೈ ಚಾಚಿ ನಿಂತರು. ಯಾರ ಕೈ ಯಾರ ಕೈಗೆ ತಾಗಿತೆಂದು ಆ ಹೊತ್ತಿನಲ್ಲಿ ಯಾರೂ ನೋಡಲಿಲ್ಲ.

ನೆಡುವ ಜಾಗದಲ್ಲಿ ಇನ್ನೊಂದು ತಕರಾರು. ತೋಟದ ಕೊನೆಯಲ್ಲಿ ಒಂದು ಬೇವಿನ ಮರವಿದೆ. ಅದರ ಪಕ್ಕದಲ್ಲೇ ನೆಟ್ಟು, ಕಟ್ಟೆ ಕಟ್ಟಿ, ಅರಳಿಗೂ ಬೇವಿಗೂ ಮದುವೆ ಮಾಡಿಬಿಡೋಣವೆಂದು ಸರ್ವಮಂಗಳಾ ಹೇಳಿದರು. ಮರಿತಾಯಮ್ಮನ ಸೊಸೆ ಸಂಘಮಿತ್ರಾ ಶಾಲೆಯಲ್ಲಿ ಪಾಠ ಹೇಳುವವಳು, ಬಾಯಿ ಚುರುಕು.

"ಅಲ್ಲ ಅಮ್ಮಾರೆ, ಹೆಂಡ್ತಿ ಮಗು ಬಿಟ್ಟು ಹೋಗಿ ಈ ಮರದ ಕೆಳಗೆ ಕೂತೋನು ಬುದ್ಧ. ನೀವು ಮರಕ್ಕೇ ಮದುವೆ ಮಾಡ್ತೀರಲ್ಲ!"

"ಅದಕ್ಕೇ ಕಣವ್ವ. ಆವಾಗ್ಲೇ ಮರಕ್ಕೊಂದು ಮದುವೆ ಆಗಿದ್ರೆ, ಬಂದೋನಿಗೆ ಬುದ್ಧಿ ಹೇಳಿ ಮನೆಗೆ ಕಳಿಸ್ತಿತ್ತು."

ಇಬ್ಬರೂ ನಕ್ಕರು. ಅರಳಿಯನ್ನು ಬೇವಿನ ಪಕ್ಕದಲ್ಲೇ ನೆಟ್ಟರು, ಮದುವೆ ಮಾತ್ರ ಆಗಲಿಲ್ಲ. "ಸುಮ್ನೆ ಅಕ್ಕಪಕ್ಕದ ಮನೆಯೋರು ಅಂದ್ಕಳಿ" ಎನ್ನುತ್ತಾರೆ ಮರಿತಾಯಮ್ಮ.

ನೆಟ್ಟ ವಾರದಲ್ಲೇ ಎಲೆ ಜೋತು ಬಿದ್ದವು. ಆಮೇಲೆ ಹಳದಿಯಾದವು, ಒಂದೊಂದೇ ಉದುರಿದವು. ಮಳೆ ಬಂತು. ಸುತ್ತಲಿನ ಕಳೆಯೂ ನಳನಳಿಸಿತು, ಅರಳಿ ಬರೀ ಕಡ್ಡಿಯಾಗಿ ನಿಂತಿತು. ಜೀವವಿದೆಯೋ ಇಲ್ಲವೋ ನೋಡಲು ಊರಿಗೆ ಗೊತ್ತಿರುವ ಉಪಾಯ ಒಂದೇ: ತೊಗಟೆಯನ್ನು ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುವುದು. ಹಾಲು ಹಾಕಲು ಡೇರಿಗೆ ಹೊರಟವರು ಬಂದು ಕೆರೆದರು. ಹೊಲಕ್ಕೆ ಹೋಗುವವರು ಕೆರೆದರು. ಹರಕೆ ಹೊತ್ತವರು ಕೈಮುಗಿದು ಕೆರೆದರು. ಸರ್ವಮಂಗಳಾ ಸೋಮವಾರ ಸೋಮವಾರ ಬಂದು, ದೀಪ ಹಚ್ಚಿಟ್ಟು, ಕೆರೆದರು. ಕೋಟೆ ನೋಡಲು ಬಂದವರು, ಇದೇನೋ ಇಲ್ಲಿನ ಸಂಪ್ರದಾಯವೆಂದು ತಿಳಿದು ತಾವೂ ಒಂದು ಗೀರು ಎಳೆದು ಹೋದರು. ಕಾಂಡದ ಮೇಲೆ ಉಗುರು ಬೀಳದ ಜಾಗ ಉಳಿಯಲಿಲ್ಲ.

"ಅರಳಿ ಒಣ್ಗಿ ಸಾಯ್ತದೋ ಇಲ್ವೋ ಗೊತ್ತಿಲ್ಲ. ಇವ್ರು ನೋಡಿ ನೋಡೇ ಸಾಯ್ಸ್ತರೆ" ಎಂದು ಮರಿತಾಯಮ್ಮ ತಮ್ಮ ಹಳೆಯ ಸೀರೆಯೊಂದನ್ನು ತಂದು ಕಾಂಡಕ್ಕೆ ಬುಡದಿಂದ ಸುತ್ತಿ ಕಟ್ಟಿದರು. ಅಲ್ಲಿಗೆ ಉಗುರಿನ ಕಾಟ ತಪ್ಪಿತು. ಆದರೆ ಸೀರೆ ಉಟ್ಟ ಮರವನ್ನು ಕಂಡ ಜನ ಅದಕ್ಕೆ ಕುಂಕುಮ ಇಟ್ಟರು, ಹೂ ಮುಡಿಸಿದರು, ಬುಡಕ್ಕೆ ಬಿಂದಿಗೆ ಬಿಂದಿಗೆ ನೀರು ಸುರಿದರು. ಬುಡ ಕೊಳೆಯುವಷ್ಟು ನೀರು. ಕೆಲಸ ಬಿಟ್ಟು ಮರ ಕಾಯುವುದೇ ಮರಿತಾಯಮ್ಮನಿಗೆ ಕೆಲಸವಾಯಿತು.

ಮಂಟೇಸ್ವಾಮಿಗೆ ಅದೂ ತಮಾಷೆ. "ನನ್ ಸೀರೆ ನನ್ ಸೀರೆ ಅಂತ ಪೆಟ್ಟಿಗೇಲಿ ಇಟ್ಕಂಡಿದ್ದೆ. ನೀನ್ ಉಟ್ಟಾಗ ಒಬ್ರೂ ಕೈಮುಗೀನಿಲ್ಲ, ನೋಡು."

ತಮಾಷೆಯಲ್ಲದ್ದು ಬಸ್ ನಿಲ್ದಾಣದಲ್ಲಿ ನಡೆಯುತ್ತಿತ್ತು. ಮರಿತಾಯಿ ಕೈ ಸೋತಿತು, ಮುಂಚಿನ ಗುಣ ಇಲ್ಲ ಎಂಬ ಮಾತು ಹುಟ್ಟಿತ್ತು. ಆ ಮಳೆಗಾಲ ಹೊಳೆ ದಂಡೆಯ ಒಂದು ತೋಟದವರು ಹೊಸದಾಗಿ ಬಾಳೆ ಹಾಕಿದರು. ಹೊತ್ತು ಮೂಡುವ ಮೊದಲು ಬರುತ್ತಿದ್ದ ಕರೆ ಬರಲಿಲ್ಲ. ಇನ್ನೊಂದು ತೋಟದವರೂ ಕರೆಯಲಿಲ್ಲ. ಮರಿತಾಯಮ್ಮ ಯಾರನ್ನೂ ಕೇಳಲಿಲ್ಲ. ಕೋಟೆಗೆ ಹೋಗುವ ದಾರಿ ಆ ತೋಟಗಳ ಬದುವಿನ ಮೇಲೇ. ಹೊಸ ಕಂದುಗಳು ಸುಳಿ ಬಿಡುತ್ತಿರುವುದನ್ನು ನೋಡುತ್ತಾ, ನೋಡದವರಂತೆ ನಡೆದರು.

ಮಳೆ ಹಿಂದೆ ಸರಿಯುವ ಹೊತ್ತಿಗೆ, ಒಂದು ಬೆಳಗ್ಗೆ ಬುಡದ ಕುಂಕುಮದ ನೀರನ್ನು ಬಳಿದು ಹಾಕುವಾಗ ಸೀರೆಯ ಅಂಚಿನಡಿ ಕೆಂಪಗೆ ಏನೋ ಕಂಡಿತು. ಕುಂಕುಮವೇ ಇರಬೇಕೆಂದು ಒರೆಸಹೋದರು. ಬೆರಳಿಗೆ ತಗುಲಿದ್ದು ಚಿಗುರು. ಬೇರು ಕಾಂಡವಾಗುವ ಜಾಗದಲ್ಲಿ, ಅಕ್ಕಿ ಕಾಳಿನ ಗಾತ್ರದ್ದು.

ಅದರ ಮೇಲೊಂದು ತೆಂಗಿನ ಚಿಪ್ಪು ಕವುಚಿ, ಗಂಡನಿಗಷ್ಟೇ ಹೇಳಿದರಂತೆ.

ಮಂಟೇಸ್ವಾಮಿ ಮಾದೇಶ್‌ಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಉತ್ತರ: "ಹಾಗಿದ್ರೆ ಮೇಲಿನ ಕಾಂಡ ಸತ್ತಿದೆ. ಅದನ್ನ ಬೇಗ ಕತ್ತರಿಸಿ ತೆಗೀರಿ. ಬಿಟ್ಟರೆ ಕೊಳೆ ಕೆಳಗಿಳಿದು ಚಿಗುರಿಗೂ ಹತ್ತುತ್ತೆ." ಹೇಳಿದ್ದೆನಲ್ಲ ಎಂಬ ಮಾತನ್ನು ಅವರು ಎತ್ತಲಿಲ್ಲ.

ಕತ್ತರಿಸದಿದ್ದರೆ ಚಿಗುರು ಹೋಗುತ್ತದೆ. ಕತ್ತರಿಸಿದರೆ, ಅರಳಿಗೆ ಕಬ್ಬಿಣ ಇಟ್ಟು ಕೊಂದವಳು ಮರಿತಾಯಿ ಎಂಬ ಮಾತು ಅವರು ಸಾಯುವ ತನಕ ಉಳಿಯುತ್ತದೆ. ಒಂದು ಹಗಲೆಲ್ಲ ಕಳೆ ಕೀಳುತ್ತಾ ಯೋಚಿಸಿದ ಅವರು, ಸಂಜೆ ಕೈಕಾಲು ತೊಳೆದು ಮೇಲಿನ ಬೀದಿಗೆ ಹೋಗಿ ಸರ್ವಮಂಗಳಾ ಅವರ ಜಗಲಿಯ ಕೆಳಗೆ ನಿಂತರು.

"ಅಮ್ಮಾರೆ, ಮರ ಬದ್ಕಂತು."

"ಅಯ್ಯೋ ನನ್ನವ್ವ! ಎಲ್ಲಿ ಚಿಗುರೈತೆ?"

"ಬುಡ್ದಲ್ಲಿ. ಮ್ಯಾಲಿಂದೆಲ್ಲ ಸತ್ತೋಯ್ತು. ಅದ ಕುಯ್ದು ತಗೀಬೇಕು."

ಸರ್ವಮಂಗಳಾ ಜಗಲಿಯಿಂದ ಒಂದು ಮೆಟ್ಟಿಲು ಇಳಿದರು. "ಸತ್ತಿರೋದು ಖಾತ್ರಿಯಾ?"

"ಕೆರ್ದು ನೋಡಿರೋರು ನೀವು ಅಮ್ಮಾರೆ. ನಾನು ಇವತ್ಗೂ ಒಂದ್ ಉಗ್ರು ಇಕ್ಕಿಲ್ಲ."

ಆ ಮಾತಿಗೆ ಸರ್ವಮಂಗಳಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಗಂಭೀರವಾಗಿ ದಿನ ಎಣಿಸಿದರು. ಸೋಮವಾರ ಬೇಡ, ಶಿವನ ದಿನ. ಶನಿವಾರ ಬೇಡ, ಅಶ್ವತ್ಥ ಸುತ್ತುವ ದಿನ. ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ, ಅದರ ಆಚೀಚೆ ಬೇಡ.

ಬೀದಿಯಲ್ಲಿ ಕಾಯುತ್ತಿದ್ದ ಮಂಟೇಸ್ವಾಮಿ ತಡೆಯಲಾರದೆ ಅಂದರು, "ಅಮ್ಮಾರೆ, ನಿಮ್ ಕ್ಯಾಲೆಂಡರ್‌ನಾಗೆ ಮರಕ್ಕೆ ಒಂದಿನಾನೂ ರಜಾ ಇಲ್ವಾ?"

"ಬುಧವಾರ ಕಣೋ. ಬಾಯ್ಮುಚ್ಕೊಂಡು ಗರಗಸ ಮಸೆದಿಟ್ಕೊ."

ಬುಧವಾರ ನಸುಕಿಗೇ ಸರ್ವಮಂಗಳಾ ಬಂದರು. ಒಣ ಕೊಂಬೆಗಳಲ್ಲಿ ಸಿಕ್ಕಿದ್ದ ದಾರಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಿಗೆ ಹಾಕಿಕೊಂಡರು. ಮರಿತಾಯಮ್ಮ ಕಾಂಡಕ್ಕೆ ಸುತ್ತಿದ್ದ ಸೀರೆ ಬಿಚ್ಚಿದರು. ನೋಡಲು ಹತ್ತಾರು ಜನ ಸೇರಿದ್ದರು, ಹತ್ತಿರ ಬಂದವರು ಯಾರೂ ಇಲ್ಲ. ಕಾಂಡ ಅಲುಗಾಡಿದರೆ ಬುಡದ ಚಿಗುರಿಗೆ ಪೆಟ್ಟು, ಯಾರಾದರೂ ಹಿಡಿಯಬೇಕಿತ್ತು. ಮಂಡಿ ಮಡಚದ ಮಂಟೇಸ್ವಾಮಿಗೆ ಅಲ್ಲಿ ಕುಕ್ಕರಗಾಲಲ್ಲಿ ಕೂರಲಾಗದು. ಸರ್ವಮಂಗಳಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ಕೂತು, ಎರಡೂ ಕೈಯಿಂದ ಕಾಂಡವನ್ನು ತಬ್ಬಿ ಹಿಡಿದರು.

"ನಿಮ್ಗ್ಯಾಕೆ ಅಮ್ಮಾರೆ" ಎಂದರು ಮರಿತಾಯಮ್ಮ.

"ಕೊಯ್ಯಿ ನೀನು. ನಾಳೆ ಯಾರಾದ್ರೂ ಕೇಳಿದ್ರೆ ಇಬ್ಬರನ್ನೂ ಕೇಳ್ಲಿ."

ಮೊದಲ ಕೊಯ್ತ ಎದೆಮಟ್ಟದಲ್ಲಿ. ಉದುರಿದ ಪುಡಿ ಒಣಗಿತ್ತು, ಬೂದಿಯಂಥದ್ದು. ಎರಡನೆಯದು ಮಂಡಿಯ ಮಟ್ಟದಲ್ಲಿ. ಅಲ್ಲೂ ಒಣಗಿದ್ದೇ. ಸೇರಿದ್ದವರಲ್ಲಿ ಗುಸುಗುಸು ಎದ್ದಿತು. ಬುಡದವರೆಗೂ ಸತ್ತಿದ್ದರೆ ಆ ಚಿಗುರು ಎಷ್ಟು ದಿನದ್ದು? ಮರಿತಾಯಮ್ಮ ಗರಗಸದ ಹಲ್ಲು ಒರೆಸಿ ಇನ್ನೂ ಕೆಳಗೆ ಇಟ್ಟರು. ಮೂರನೆಯ ಕೊಯ್ತಕ್ಕೆ ಚಿಗುರಿನ ಮೇಲೆ ಉಳಿದಿದ್ದದ್ದು ಒಂದು ಗೇಣು ಜಾಗ. ಗರಗಸ ಅರ್ಧಕ್ಕೆ ಇಳಿದಾಗ ಸದ್ದು ಬದಲಾಯಿತು. ಪುಡಿ ಹಲ್ಲಿಗೆ ಮೆತ್ತಿಕೊಂಡಿತು. ಕೊಯ್ದ ಅಂಚಿನಲ್ಲಿ ಬಿಳಿಯ ಹಾಲು ಒಂದು ಹನಿ ಒಸರಿ ನಿಂತಿತು.

"ಹಾಲು ಬಂತು, ಹಾಲು ಬಂತು ಕಣೇ" ಎಂದು ಸರ್ವಮಂಗಳಾ ಕೂಗಿದರು. ಹೆಬ್ಬಾಗಿಲಿನವರೆಗೂ ಕೇಳಿಸುವಂತೆ. ಮರಿತಾಯಮ್ಮ ಗರಗಸ ಪೂರಾ ಎಳೆದು ಕೆಳಗಿಟ್ಟು, ಕೊಯ್ದ ಜಾಗಕ್ಕೆ ಸಗಣಿ ಬಳಿದರು. ಮೊದಲು ಒಮ್ಮೆ, ಎಲ್ಲಾದರೂ ತಪ್ಪಿತೇನೋ ಎಂದು ಇನ್ನೊಮ್ಮೆ.

ಅರಳಿಯ ಕಟ್ಟಿಗೆಯನ್ನು ಒಲೆಗೆ ಹಾಕುವಂತಿಲ್ಲ. ಸತ್ತ ಕಾಂಡವನ್ನೇ ಸೀಳಿ ಗೂಟ ಮಾಡಿ, ಆಡು ಬಾಯಿ ಹಾಕದಂತೆ ಚಿಗುರಿನ ಸುತ್ತ ಬೇಲಿ ಕಟ್ಟಿದ್ದಾರೆ. ಈಗ ಅದರೊಳಗಿನ ಕುಡಿ ಮೊಳದುದ್ದ ಬೆಳೆದಿದೆ. ತಾಮ್ರದ ಬಣ್ಣದ ಎಲೆಗಳು ಗಾಳಿ ಇಲ್ಲದಿದ್ದಾಗಲೂ ಅಲ್ಲಾಡುತ್ತವೆ. ಹೆಬ್ಬಾಗಿಲಿನ ಕಲ್ಲನ್ನು ಮಾದೇಶ್ ಮುಂದೆ ನಿಂತು ಮತ್ತೆ ಕೂರಿಸಿದ್ದಾರೆ. ಹೊಸ ಗಾರೆಯ ಬಣ್ಣ ಹಳೆಯದಕ್ಕೆ ಹೊಂದಿಲ್ಲ, ಕೆಳಗೆ ನಿಂತರೆ ಮಚ್ಚೆಯಂತೆ ಕಾಣುತ್ತದೆ. ಮಕ್ಕಳು ಸಾಲಾಗಿ ಒಳಗೆ ಬರುತ್ತಾರೆ. ಮುಂದಿನ ಬಾಳೆ ನಾಟಿಗೆ ಮರಿತಾಯಮ್ಮನನ್ನು ಯಾರು ಕರೆಯುತ್ತಾರೋ, ಕರೆಯುತ್ತಾರೋ ಇಲ್ಲವೋ, ಇನ್ನೂ ತಿಳಿಯದು. ಅದನ್ನು ಕೇಳಿದರೆ ಅವರು ಮಾತು ತಿರುಗಿಸಿ, ಬೇಲಿಯ ಗೂಟವೊಂದನ್ನು ಅಲುಗಿಸಿ ಬಿಗಿ ನೋಡುತ್ತಾರೆ.

ತೋಟ ಸುತ್ತಿ ಬಂದ ಒಬ್ಬರು ಬೇಲಿಯ ಹತ್ತಿರ ನಿಂತು, ಇಷ್ಟು ಸಣ್ಣ ಗಿಡಕ್ಕೆ ಇಷ್ಟು ಕಾವಲು ಯಾಕಮ್ಮಾ ಎನ್ನುತ್ತಾರೆ. ಮರಿತಾಯಮ್ಮ ನಡೆದದ್ದನ್ನು ಹೇಳುತ್ತಾರೆ, ಚುಟುಕಾಗಿ. ಕೇಳಿದವರು ಮೆಚ್ಚಿಕೊಂಡು, "ಅಂತೂ ಕೋಟೆಗೂ ಏನೂ ಆಗದ ಹಾಗೆ, ಮರಕ್ಕೂ ಏನೂ ಆಗದ ಹಾಗೆ ಮಾಡಿದ್ರಿ" ಎನ್ನುತ್ತಾರೆ.

ಮರಿತಾಯಮ್ಮ ಒಪ್ಪುವುದಿಲ್ಲ. ಹೆಬ್ಬಾಗಿಲಿನ ಮಚ್ಚೆಯನ್ನು ಒಮ್ಮೆ, ಬೇಲಿಯೊಳಗಿನ ಮೋಟನ್ನು ಒಮ್ಮೆ ನೋಡುತ್ತಾರೆ.

"ಆಯ್ತಲ್ಲ ಸಾ. ಗ್ವಾಡೆಗೂ ಪೆಟ್ಟಾಯ್ತು, ಮರಕ್ಕೂ ಪೆಟ್ಟಾಯ್ತು. ಏನೂ ಆಗ್ನಿಲ್ಲ ಅಂತ ಸುಳ್ ಯೋಳ್ಬಾರ್ದು. ಆದ್ರೆ ಎರಡೂ ಅವೆ."